ಅಂಗಳದಲ್ಲಿ ಬೋರಲು ಮಲಗಿದ ದೋಣಿ

ನಾಹೀದಳ ಅಬ್ಬಾ ಅವರಿಗೆ, ಗಜೇಂದ್ರಗಡದ ಮನೆಯಿಂದ ಗುಲ್ಷನಳ ಸಲಾಮು.

ಇದ್ದಾಗಲೇ ಒಂದಕ್ಷರ ಓದದ ಮನುಷ್ಯನಿಗೆ ಹೋದ ಮೇಲೆ ಪತ್ರ ಬರೆಯಲು ಕೂತಿದ್ದೇನೆ. ನಿಮ್ಮವ್ವ ನೋಡಿದರೆ ಇವಳಿಗೆ ತಲೆ ಕೆಟ್ಟಿದೆ ಎನ್ನುತ್ತಾರೆ. ನೋಡಿಯೂ ಆಯಿತು, ಅಂದೂ ಆಯಿತು. ನಿಮಗೆ ಬಂದ ಮದುವೆ ಕಾರ್ಡು, ಕರೆಂಟ್ ಬಿಲ್ಲು, ರೆಸಿನ್ ಅಂಟಿನ ಡಬ್ಬಿಯ ಮೇಲಿನ ಸಣ್ಣಕ್ಷರ ಎಲ್ಲವನ್ನೂ ಇಷ್ಟು ವರ್ಷ ನಾನೇ ಓದಿ ಹೇಳಿದ್ದೇನೆ. ಇದನ್ನು ಓದಿ ಹೇಳಲಿಕ್ಕೂ ನಾನೇ ಆಗಬೇಕು. ಅದಕ್ಕೇ ಬರೆಯುತ್ತಾ ಬಾಯಲ್ಲೂ ಅನ್ನುತ್ತಿದ್ದೇನೆ, ಕೇಳಿಸಿಕೊಳ್ಳಿ. ಗೋರಿಯ ಹತ್ತಿರ ಬಂದು ಹೇಳೋಣವೆಂದರೆ ಹೆಂಗಸರು ಅಲ್ಲಿಗೆ ಬರುವ ಹಾಗಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನನಗೆ ಭಾಳ ದಣಿವಾಗಿದೆ. ಅತ್ತು ಬಂದ ದಣಿವು ಬೇರೆ, ಅದು ಒಂದಿಷ್ಟು ದಿನಕ್ಕೆ ಇಳಿಯಿತು. ಇದು ಮೈಗೆ ಅಂಟಿಕೊಂಡದ್ದು. ಮೊಣಕಾಲು ಮಡಚಿದರೆ ಬಿಚ್ಚುವುದಿಲ್ಲ, ಕುತ್ತಿಗೆ ತಿರುಗುವುದಿಲ್ಲ, ಮೊಳಕೈತನಕ ಫೈಬರಿನ ಸಣ್ಣ ಮುಳ್ಳು ಹೊಕ್ಕು ತುರಿಸುತ್ತದೆ. ನಿಮ್ಮ ಅಂಗಿಗಳನ್ನು ಬೇರೆ ಬಕೆಟ್ಟಿನಲ್ಲಿ ಒಗೆಯುತ್ತ, "ಮನಿಗೆ ಬರೂಮುಂದ ಮೈ ಝಾಡಿಸಿಕೊಂಡು ಬರಾಕ ಏನಾಗೇತ್ರಿ ನಿಮಗ" ಎಂದು ಬೈಯುತ್ತಿದ್ದೆನಲ್ಲ, ಆ ಬೈಗುಳವೆಲ್ಲ ಈಗ ನನಗೇ ವಾಪಸು ಬಂದಿದೆ. ನನ್ನ ಸೀರೆಯನ್ನು ನಾನೇ ಬೇರೆ ಒಗೆದುಕೊಳ್ಳುತ್ತೇನೆ. ಮಾಡಿದ್ದುಣ್ಣೋ ಮಹಾರಾಯ.

ನಿಮಗೆ ಕೊನೆಗೆ ಗೊತ್ತಿದ್ದದ್ದು ಇಷ್ಟೇ: ಚಳಿಗಾಲದಲ್ಲಿ ದೋಣಿ ನಡೆಸುವ ಬೀರಲಿಂಗ ತನ್ನ ಫೈಬರ್ ದೋಣಿಯನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ರೋಣದ ಆಚೆಯ ಹೊಳೆದಂಡೆಯಿಂದ ನಮ್ಮ ಮನೆಗೆ ತಂದ. ಮಳೆಗಾಲದಲ್ಲಿ ಮಲಪ್ರಭೆ ಏರಿದಾಗ ಕಲ್ಲಿಗೆ ಬಡಿದು ತಳ ಸೀಳಿತ್ತು. ಆಚೆ ದಂಡೆಯ ಹೊಲಗಳಿಗೆ ಆ ಊರಿನವರು ಹೋಗಿಬರುವುದು ಅದರಲ್ಲೇ. ನೀವು ಗುಡ್ಡದ ಮೇಲೆ ಕರೆಂಟ್ ತೆಗೆಯುವ ಗಾಳಿ ಫ್ಯಾನಿನ ರೆಕ್ಕೆ ರಿಪೇರಿ ಮಾಡುವವರ ಕೈಕೆಳಗೆ ಕೆಲಸ ಕಲಿತವರು, ಆಮೇಲೆ ಸುತ್ತಲಿನ ಊರುಗಳ ನೀರಿನ ಟಾಕಿಗಳಿಗೆಲ್ಲ ತೇಪೆ ಹಾಕಿದವರು. ದೋಣಿ ನಿಮಗೆ ಹೊಸದು. ಓಣಿಯವರೆಲ್ಲ ನೋಡಲು ಬಂದು, ಗಜೇಂದ್ರಗಡಕ್ಕೆ ಹೊಳೆ ಯಾವಾಗ ಬರುತ್ತದೆ ಎಂದು ಕೇಳಿದರು. ನಿಮ್ಮವ್ವ, ಒಣನೆಲದಲ್ಲಿ ದೋಣಿ ಕಟ್ಟಿದ ನೂಹ್ ಪೈಗಂಬರರನ್ನು ನೋಡಿಯೂ ಜನ ಹೀಗೇ ನಕ್ಕಿದ್ದರು ಎಂದು ಎಲ್ಲರ ಬಾಯಿ ಮುಚ್ಚಿಸಿದರು. ನೀವು ಅದನ್ನು ಬೋರಲು ಹಾಕಿಸಿ ಗ್ರೈಂಡರ್ ಹಿಡಿದು ಉಜ್ಜಲು ಶುರು ಮಾಡಿದಿರಿ.

ಆ ಬೆಳಿಗ್ಗೆ ಒಳಗೆ ಬಂದು ಚಹಾ ಕೇಳಿದಿರಿ. ಚಹಾ ತರುವಷ್ಟರಲ್ಲಿ ಎಡಗೈ ಜಗ್ಗುತ್ತದೆ ಎಂದು ಕಟ್ಟೆಯ ಮೇಲೆ ಕೂತಿರಿ. ಗದಗಿಗೆ ಒಯ್ಯುವಾಗ ಕಾರಿನಲ್ಲಿ ನನ್ನ ಕೈ ಹಿಡಿದು, ಗ್ರೈಂಡರಿನ ವೈರು ತೆಗೆದಿದ್ದೀಯಾ ಎಂದು ಕೇಳಿದಿರಿ. ತೆಗೆದಿದ್ದೇನೆ ಎಂದೆ. ನರೇಗಲ್ಲ ದಾಟಿದ ಮೇಲೆ ನೀವು ಮತ್ತೆ ಮಾತಾಡಲಿಲ್ಲ. ಮೂವತ್ತು ವರ್ಷದ ಸಂಸಾರಕ್ಕೆ ಕೊನೆಯ ಮಾತು ವೈರಿನದಾಯಿತಲ್ಲ ಎಂದು ನನಗೆ ಎಷ್ಟೋ ದಿನ ನಿಮ್ಮ ಮೇಲೆ ಸಿಟ್ಟಿತ್ತು.

ಆಮೇಲೆ ಗಂಡ ಹೋದವಳು ಕೂರುವ ಇದ್ದತ್ತು ನನಗೆ ಶುರುವಾಯಿತು. ನಾಲ್ಕು ತಿಂಗಳು ಹತ್ತು ದಿನ ಮನೆಯ ಗೇಟು ದಾಟುವಂತಿಲ್ಲ, ಪರಗಂಡಸರ ಎದುರಿಗೆ ಬರುವಂತಿಲ್ಲ. ಮಗಳು ನಾಹೀದ ನಲವತ್ತನೆಯ ದಿನದ ಫಾತಿಹಾ ಮುಗಿಸಿ ನರಗುಂದಕ್ಕೆ ಗಂಡನ ಮನೆಗೆ ಹೋದಳು. ಮನೆಯಲ್ಲಿ ಉಳಿದದ್ದು ನಾನು, ನಿಮ್ಮವ್ವ, ಮತ್ತೆ ಅಂಗಳದ ತುಂಬ ಬೋರಲು ಮಲಗಿದ ಆ ದೋಣಿ. ಕಸ ಹೊಡೆಯಬೇಕಾದರೆ ಅದನ್ನು ಸುತ್ತಿ ಹೊಡೆಯಬೇಕು, ಬಟ್ಟೆ ಒಣಹಾಕಬೇಕಾದರೆ ಅದರ ಮೇಲೆಯೇ ಹಾಕಬೇಕು. ಮನೆಯಲ್ಲಿ ಹಿರಿಯರೊಬ್ಬರು ಮುನಿಸಿಕೊಂಡು ಮಲಗಿದ ಹಾಗಿತ್ತು.

ಜಕ್ಕಲಿಯಿಂದ ನನ್ನ ಅಣ್ಣ ಮೈನುದ್ದೀನ ಬಂದ. ಅವನು ಕೆಟ್ಟವನಲ್ಲ, ನಿಮಗೆ ಗೊತ್ತು. ಇದ್ದತ್ತು ಮುಗಿದ ಕೂಡಲೇ ಕೆಲಸದ ಶೆಡ್ಡಿನ ಸಾಮಾನು ಮಾರಿಬಿಡೋಣ, ಗಿರಾಕಿ ಇದ್ದಾನೆ, ನೀನು ನಮ್ಮ ಮನೆಗೆ ಬಾ ಎಂದ. ನಿಮ್ಮವ್ವ ಇಳಕಲ್ಲಿಗೆ, ತಮ್ಮ ಮಗಳ ಮನೆಗೆ ಹೋಗಲಿ ಎಂದ. ಅಲ್ಲಿ ಅಳಿಯನ ಎದುರು ತಲೆ ಮೇಲೆ ಸೆರಗು ಎಳೆದುಕೊಂಡು, ಕೇಳಿದಷ್ಟಕ್ಕೆ ಮಾತಾಡಿಕೊಂಡು ಆಕೆ ಇರಬಲ್ಲರೇ? ನಾನು ಅಣ್ಣನ ಹೆಂಡತಿಯ ಒಲೆಯ ಮುಂದೆ ಉಪ್ಪು ಎಲ್ಲಿದೆ ಎಂದು ಕೇಳುತ್ತ ಇರಬಲ್ಲೆನೇ? ಅತ್ತೆ ಸೊಸೆ ನಾವಿಬ್ಬರೂ ಈ ಮನೆಯಲ್ಲಿ ಜಗಳಾಡಿದಷ್ಟು ಯಾರೂ ಜಗಳಾಡಿಲ್ಲ. ಆದರೂ ಅಣ್ಣ ಆ ಮಾತು ಹೇಳಿದ ದಿನ ನಾವಿಬ್ಬರೂ ಒಂದೇ ತಾಟಿನಲ್ಲಿ ಉಂಡೆವು. ಆಕೆಯನ್ನು ಬಿಟ್ಟು ಇರುವುದಾದರೂ ಹ್ಯಾಂಗೆ ಎಂದು ನನಗೆ ಹೆದರಿಕೆಯಾಯಿತು.

ಅಷ್ಟರಲ್ಲಿ ಬೀರಲಿಂಗ ದೋಣಿ ವಾಪಸು ಒಯ್ಯಲು ಬಂದ. ಅವನು ಗೇಟಿನ ಹೊರಗೆ, ನಿಮ್ಮವ್ವ ಕಟ್ಟೆಯ ಮೇಲೆ, ನಾನು ಒಳಗೆ ಪರದೆಯ ಹಿಂದೆ. ಅವನು ಹೇಳಿದ್ದು ನನಗೆ ನೆಟ್ಟಗೆ ಕೇಳಿಸುತ್ತಿತ್ತು, ನಾನು ಹೇಳಿದ್ದು ಅವನಿಗೂ ಕೇಳಿಸುತ್ತಿತ್ತು. ಆದರೂ ಪ್ರತಿ ಮಾತನ್ನೂ ನಿಮ್ಮವ್ವ ನಡುವೆ ಹಿಡಿದು, ತಮ್ಮದೊಂದಿಷ್ಟು ಮಸಾಲೆ ಸೇರಿಸಿ ದಾಟಿಸಿದರು.

"ಸಾಬರ ಹೋದ ಮ್ಯಾಲೆ ಏನ್ ಮಾಡೂದ್ರಿ ಅವ್ವಾ, ಹಂಗ ಒಯ್ತೀನಿ" ಎಂದ ಬೀರಲಿಂಗ.

"ಅತ್ತಿ, ಅರ್ಧ ಮಾಡಿದ ಕೆಲಸ ಈ ಮನಿಯಿಂದ ಹೊರಗ ಹೋಗೂದಿಲ್ಲ ಅಂತ ಹೇಳ್ರಿ. ನಾ ಮಾಡಿ ಕೊಡ್ತೀನಿ" ಎಂದೆ.

ಹೇಳಿಬಿಟ್ಟೆ. ಬೀರಲಿಂಗ, ಮಳೆಗಾಲದೊಳಗೆ ಆದರೆ ಸಾಕು ಎಂದ. ತಮ್ಮ ದಂಡೆಯಲ್ಲಿ ಇನ್ನೂ ಎರಡು ದೋಣಿ ಮೂಲೆಗೆ ಬಿದ್ದಿವೆ, ಇದು ತೇಲಿದರೆ ಅವನ್ನೂ ಇಲ್ಲಿಗೇ ತರುತ್ತೇವೆ ಎಂದ. ಅವನು ಹೋದ ಮೇಲೆ ನಿಮ್ಮವ್ವ ಒಳಗೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ತೇಲಿದರೆ ನಾವಿಲ್ಲಿ, ಮುಳುಗಿದರೆ ನೀ ಜಕ್ಕಲಿ ನಾ ಇಳಕಲ್ಲು, ಇಷ್ಟೇ ಹೌದಿಲ್ಲೋ ಎಂದರು. ಇಷ್ಟೇ ಎಂದೆ.

ನಿಮ್ಮ ಕೆಲಸ ನನಗೆ ಬರುವುದಿಲ್ಲ ಎಂದೇನಿರಲಿಲ್ಲ. ತೇಪೆಗೆ ಬಟ್ಟೆಯಂಥ ಫೈಬರ್ ಮ್ಯಾಟು ಕತ್ತರಿಸಿ ಕೊಡುತ್ತಿದ್ದವಳು ನಾನು, ರೆಸಿನ್ನಿಗೆ ಗಟ್ಟಿಯಾಗುವ ಔಷಧ ಕಲಸಿ ಕೊಡುತ್ತಿದ್ದವಳು ನಾನು. ಆದರೆ ಕಲಸುವುದು ಬೇರೆ, ಬಳಿಯುವುದು ಬೇರೆ. ನೀವು ಚಳಿಗೆ ಹಾಕುತ್ತಿದ್ದ ಅಳತೆಯನ್ನೇ ನಾನು ಬೇಸಿಗೆಗೂ ಹಾಕಿದೆ. ರೆಸಿನ್ನು ಬ್ರಷ್ಷಿಗೆ ಹತ್ತುವುದರೊಳಗೆ ಡಬ್ಬಿಯಲ್ಲೇ ಕಲ್ಲಾಯಿತು, ಬ್ರಷ್ಷೂ ಅದರಲ್ಲೇ ನಿಂತುಬಿಟ್ಟಿತು. ನಿಮ್ಮವ್ವ ಆ ಡಬ್ಬಿಯನ್ನು ಇವತ್ತಿಗೂ ಬಾಗಿಲು ಗಾಳಿಗೆ ಬಡಿಯದಂತೆ ಒತ್ತಿಡಲು ಉಪಯೋಗಿಸುತ್ತಾರೆ. ನಿಮ್ಮ ದೂರದ ಸಂಬಂಧದ ಒಬ್ಬಾಕೆ ಮಾತಾಡಿಸಲು ಬಂದವಳು ರೆಸಿನ್ ಕಲೆಯಾದ ನನ್ನ ಕೈ ನೋಡಿ, ಇದ್ದತ್ತಿನಲ್ಲಿ ಕೈಗೆ ಬಣ್ಣ ಮಾಡಿಕೊಳ್ಳಬಾರದಲ್ಲ ಎಂದಳು. ನಿಮ್ಮವ್ವ ನನ್ನ ಕೈ ಹಿಡಿದು ಆಕೆಯ ಮೂಗಿನ ಹತ್ತಿರ ಒಯ್ದರು. "ಮೆಹಂದಿ ಐತೇನ ನೋಡು. ಈ ವಾಸನಿಗೆ ಸೈತಾನ ಸುದ್ದಾ ಓಡಿಹೋಗತಾನ" ಎಂದರು. ಹೊರಗೆ ನನ್ನ ಪರ, ಒಳಗೆ ನನ್ನ ಮೇಲೆ. ಅದು ನಿಮ್ಮವ್ವನ ರೀತಿ.

ಇನ್ನು ನಾನು ಮಾಡಿದ್ದನ್ನು ಕೇಳಿ. ದೋಣಿ ಬೋರಲು ಬಿದ್ದಿದ್ದರೆ ಒಳಗೆ ಕೈ ಹೋಗುವುದಿಲ್ಲವಲ್ಲ, ನಾನು ಒಳಗೇ ಇದ್ದು, ಪಕ್ಕದ ಸುಶೀಲವ್ವನ ಮನೆಯ ಗಂಡಸರಿಂದ ಅದನ್ನು ಅಂಗಾತ ಮಾಡಿಸಿದೆ. ಟಾಕಿಗೆ ನೀವು ಯಾವಾಗಲೂ ಒಳಗೇ ಇಳಿದು ತೇಪೆ ಹಾಕುತ್ತಿದ್ದಿರಿ. ಮಸೀದಿಯ ಟಾಕಿ ಸೋರಿದಾಗ, ಆ ಬೇಯುವ ಬಿಸಿಲಲ್ಲಿ ಯಾಕೆ ಒಳಗಿಳಿಯುತ್ತೀರಿ, ಹೊರಗಿನಿಂದ ಹಚ್ಚಿಬಿಡಿ ಎಂದು ನಾನು ಹೇಳಿದ್ದೆ. ಆಗ ನೀವು ಹೇಳಿದ ಮಾತು ನನಗೆ ಹಾಗೇ ನೆನಪಿದೆ. "ನೀರು ಯಾವ ಕಡಿ ಇರತೈತಿ, ತ್ಯಾಪಿ ಆ ಕಡಿ ಹಾಕಬೇಕು. ನೀರು ತ್ಯಾಪೀನ ಒತ್ತಿ ಹಿಡೀಬೇಕು, ದಬ್ಬಬಾರದು." ಟಾಕಿಯ ತುಂಬ ಬೆವರಿ, ಹೊರಗೆ ಬಂದು, ಅದೇ ಟಾಕಿ ಒಣಗಿ ತೊಳೆದ ಮೇಲೆ ತುಂಬಿದ ಮೊದಲ ಗ್ಲಾಸು ನೀರನ್ನು ನೀವೇ ಕುಡಿದಿರಿ. ತೇಪೆ ಹಾಕಿದವನೇ ಮೊದಲು ಕುಡಿಯಬೇಕು ಎನ್ನುವುದು ನಿಮ್ಮ ನೇಮ. ಅದೆಲ್ಲ ನೆನಪಿಟ್ಟುಕೊಂಡೇ ನಾನು ಈ ದೋಣಿಯ ಒಳಗಿಳಿದೆ. ಒಳಗಿಂದ ಉಜ್ಜಿದೆ, ಒಳಗಿಂದ ಮ್ಯಾಟಿನ ಮೇಲೆ ಮ್ಯಾಟು ಹಾಕಿದೆ. ನೀವು ಹೊರಗಡೆ ಉಜ್ಜಿಟ್ಟಿದ್ದನ್ನು ಬಣ್ಣ ತೆಗೆಯಲು ಉಜ್ಜಿದ್ದೀರಿ ಎಂದುಕೊಂಡು, ಅಲ್ಲಿ ಸೀಳು ತುಂಬುವ ಪಟ್ಟಿಯನ್ನು ಹಿಟ್ಟಿನ ಹಾಗೆ ಕೈತುಂಬ ಮೆತ್ತಿ ನುಣ್ಣಗೆ ಮಾಡಿದೆ.

ಪರೀಕ್ಷೆ ಮಾಡಬೇಕಲ್ಲ? ಇದ್ದತ್ತು ಮುಗಿಯಲು ಇನ್ನೂ ದಿನಗಳಿದ್ದವು, ಹೊಳೆಗೆ ಹೋಗುವಂತಿರಲಿಲ್ಲ. ಟಾಕಿಯನ್ನು ನೋಡುವ ಹಾಗೆಯೇ ನೋಡಿದರಾಯಿತು ಎಂದು ದೋಣಿಯ ತುಂಬ ನೀರು ತುಂಬಿಸಿದೆ. ನಗಬೇಡಿ. ನಲ್ಲಿ ನೀರು ವಾರಕ್ಕೊಮ್ಮೆ ಬರುವ ಊರಿನಲ್ಲಿ ದೋಣಿಗೆ ನೀರು ತುಂಬುವುದೆಂದರೆ ಏನು ಗೊತ್ತೇ? ಸುಶೀಲವ್ವ ತಮ್ಮ ಬೋರಿನಿಂದ ಪೈಪು ಎಳೆದುಕೊಟ್ಟರು. ಎರಡು ದಿನ ಇಟ್ಟೆ. ಕೆಳಗೆ ಹಾಸಿದ ಗೋಣಿಚೀಲಕ್ಕೆ ಒಂದು ಹನಿ ಹಸಿ ತಾಗಲಿಲ್ಲ. ನಿಮ್ಮವ್ವ ಬಗ್ಗಿ ಬಗ್ಗಿ ಚೀಲ ಮುಟ್ಟಿ ನೋಡಿದರು. ಆಮೇಲೆ ಆ ನೀರನ್ನು ಚೆಲ್ಲುವುದುಂಟೇ? ಓಣಿಯ ಹೆಂಗಸರೆಲ್ಲ ಕೌದಿ, ಚಾದರು ತಂದು ನಮ್ಮ ಅಂಗಳದಲ್ಲೇ ಒಗೆದರು. ಸುಶೀಲವ್ವನ ಎಮ್ಮೆ ದೋಣಿಯೊಳಗೆ ಮೂತಿ ಇಟ್ಟು ಹೊಟ್ಟೆ ತುಂಬ ಕುಡಿದು ಹೋಯಿತು. ನೀವು ಹೋದ ಮೇಲೆ ಆ ದಿನ ಮೊದಲ ಸಲ ಈ ಅಂಗಳದಲ್ಲಿ ನಗು ಕೇಳಿತು. ನಾನು ಗೆದ್ದೆ ಎಂದುಕೊಂಡೆ.

ಇದ್ದತ್ತು ಮುಗಿಸಿ ನಾನು ಗೇಟು ದಾಟಿದ್ದು ಆ ಹೊಳೆಗೆ ಹೋಗಲಿಕ್ಕೆ. ದೋಣಿ ಟ್ರ್ಯಾಕ್ಟರಿನಲ್ಲಿ ಮುಂದೆ, ನಾನು ಅಣ್ಣನ ಜೊತೆ ಬಸ್ಸಿನಲ್ಲಿ ಹಿಂದೆ. ಬೇಸಿಗೆಗೆ ಹೊಳೆ ಸೊರಗಿತ್ತು, ಆದರೆ ಬಾಂದಾರದ ಒಡ್ಡಿನ ಹಿಂದೆ ಕಣ್ಣು ಹಾಯುವಷ್ಟು ನೀರು ನಿಂತಿತ್ತು. ನಿಮ್ಮ ನೇಮದಂತೆ ಮೊದಲು ನಾನೇ ಕೂರುತ್ತೇನೆ ಎಂದೆ. ಅಣ್ಣ ಬಿಡಲಿಲ್ಲ. ಬೀರಲಿಂಗ ಒಬ್ಬನೇ ಹತ್ತಿ ಬಿದಿರಿನ ಗಳ ಹಾಕಿದ. ದೋಣಿ ಹೋಯಿತು. ಚಲೋ ಹೋಯಿತು. ನಾನು ದಂಡೆಯ ಮೇಲೆ ನಿಂತು ಬಾಯಲ್ಲಿ ಬಿಸ್ಮಿಲ್ಲಾ ಹೇಳುತ್ತಿದ್ದೆ. ಸ್ವಲ್ಪ ದೂರ ಹೋದ ಮೇಲೆ ಅವನು ಬಗ್ಗಿ ಕಾಲಬುಡ ನೋಡಿದ, ಮತ್ತೆ ಬಗ್ಗಿದ, ಆಮೇಲೆ ದೋಣಿ ತಿರುಗಿಸಿದ. ದಂಡೆಗೆ ಬಂದಾಗ ಅವನ ಮೀನಖಂಡದವರೆಗೆ ನೀರಿತ್ತು. ಹೊರಗಿನ ಪಟ್ಟಿ ಉದುರಿಹೋಗಿತ್ತು. ನನ್ನ ತೇಪೆ ಹಂಚಿನ ಮೇಲಿನ ರೊಟ್ಟಿಯ ಹಾಗೆ ಉಬ್ಬಿ ತಳ ಬಿಟ್ಟಿತ್ತು.

ಯಾರೂ ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಹಳೆಯ ದೋಣಿ, ಅದರ ಆಯುಷ್ಯವೇ ಅಷ್ಟು ಎಂದು ಬೀರಲಿಂಗ ನನ್ನನ್ನೇ ಸಮಾಧಾನ ಮಾಡಿದ. ಅಣ್ಣ ನನ್ನ ಮುಖ ನೋಡದೆ, ಶನಿವಾರ ಗಿರಾಕಿಯನ್ನು ಕರೆತರುತ್ತೇನೆ ಎಂದ. ದೋಣಿಯನ್ನು ನಮ್ಮ ಅಂಗಳಕ್ಕೆ ವಾಪಸು ಹಾಕಿಸಿ, ಶನಿವಾರದೊಳಗೆ ಏನಾದರೂ ಮಾಡುತ್ತೇನೆ ಎಂದು ನಾನು ಹಟ ಹಿಡಿದೆ. ಏನು ಮಾಡಬೇಕೋ ನನಗೇ ತಿಳಿದಿರಲಿಲ್ಲ. ಅದನ್ನು ಇಳಿಸುವವರು ನೀರು ಸುರಿದುಹೋಗಲೆಂದು ಬೋರಲು ಹಾಕಿ ಹೋದರು.

ನಾನು ಕಟ್ಟೆಯ ಮೇಲೆ, ನೀವು ಕೂತಿದ್ದ ಜಾಗದಲ್ಲೇ ಕೂತೆ. ಏಳಲು ಮನಸ್ಸಾಗಲಿಲ್ಲ. ಆ ಮಧ್ಯಾಹ್ನ ಮುಂಗಾರಿನ ಮೊದಲ ಮಳೆ ನಾಲ್ಕು ಹನಿ ಉದುರಿಸಿ ಹೋಯಿತು. ಅಷ್ಟಕ್ಕೇ ನಮ್ಮ ಅಡುಗೆಮನೆಯ ಮಣ್ಣಿನ ಮಾಳಿಗೆ ಸೋರಿತು. ನಾನು ಒಲೆಯ ಮೇಲೆ ಹನಿ ಬೀಳದಿರಲೆಂದು ಜಂತೆಯ ಸಂದಿಗೆ ಒಳಗಿಂದ ಹಳೆಯ ಬಟ್ಟೆ ತುರುಕುತ್ತಿದ್ದೆ. ನಿಮ್ಮವ್ವ ಹಿಂದೆ ಬಂದು ನಿಂತರು.

"ಮಾಳಿಗಿ ಸೋರಿದ್ರ ಒಳಗಿಂದ ಮುಚ್ಚತಾರೇನ ಹುಚ್ಚಿ? ಮಳಿ ಹೊರಗ ಐತಿ. ಮ್ಯಾಲ ಹತ್ತಿ ಮಣ್ಣು ಹಾಕು."

ನನ್ನ ಕೈಯ ಬಟ್ಟೆ ಕೈಯಲ್ಲೇ ಉಳಿಯಿತು. ಮಳೆ ಹೊರಗಿದೆ. ಹೊಳೆಯೂ ಹೊರಗಿದೆ. ನೀರು ಯಾವ ಕಡೆಗಿದೆಯೋ ತೇಪೆ ಆ ಕಡೆಗೆ ಎಂದು ನೀವು ಹೇಳಿದ್ದಿರಿ. ಒಳಗೆ ಹಾಕು ಎಂದು ಯಾವತ್ತೂ ಹೇಳಿರಲಿಲ್ಲ. ಜೀವಮಾನವೆಲ್ಲ ಟಾಕಿ ನೋಡಿದವಳು ನಾನು, ನನ್ನ ಕಣ್ಣಿಗೆ ನೀರೆಂದರೆ ಯಾವಾಗಲೂ ಒಳಗೇ ಇರುವಂಥದ್ದು. ದೋಣಿಗೆ ನೀರು ತುಂಬಿಸಿ ನೋಡಿದ ಶಾಣ್ಯಾ ಹೆಂಗಸು. ಎರಡು ದಿನ ಆ ನೀರು ನನ್ನ ತಪ್ಪನ್ನೇ ಒತ್ತಿ ಹಿಡಿದಿತ್ತು.

ಅಂಗಳಕ್ಕೆ ಓಡಿದೆ. ಪಟ್ಟಿ ಉದುರಿದ ಕಡೆ, ಸೀಳಿನ ಎರಡೂ ಬದಿಗೆ, ನಿಮ್ಮ ಗ್ರೈಂಡರಿನ ಗೀರುಗಳು ಹಾಗೇ ಇದ್ದವು. ಸೀಳಿನ ಹತ್ತಿರ ಆಳಕ್ಕೆ, ದೂರ ಹೋದಂತೆ ತೆಳ್ಳಗೆ, ತೇಪೆ ಕೂರಲು ಇಳಿಜಾರು ಮಾಡಿದ ಹಾಗೆ. ಬಣ್ಣ ತೆಗೆಯಲು ಯಾರು ಅಷ್ಟು ಹುಷಾರಾಗಿ ಉಜ್ಜುತ್ತಾರೆ? ನೀವು ಅರ್ಧ ಕೆಲಸ ಮುಗಿಸಿಯೇ ಚಹಾ ಕೇಳಲು ಬಂದಿದ್ದಿರಿ. ಬೋರಲು ಹಾಕಿದ್ದೂ ಅದಕ್ಕೇ. ನೋಡಿದ್ದೆ, ತಿಂಗಳುಗಟ್ಟಲೆ ಅದರ ಮೇಲೆ ಬಟ್ಟೆ ಒಣಹಾಕಿದ್ದೆ, ತಿಳಿದಿರಲಿಲ್ಲ. ಆಗ ದೋಣಿಯ ಮೇಲೆ ತಲೆ ಇಟ್ಟು ಅತ್ತೆ. ನಿಮ್ಮ ಮೇಲಿನ ಸಿಟ್ಟು ಆ ಹೊತ್ತಿಗೆ ಹೋಯಿತು.

ಆಮೇಲೆ ಕಷ್ಟದ ಕೆಲಸ ಬಂತು. ಆ ಗೀರುಗಳು ನಿಮ್ಮ ಕೈಯ ಕೊನೆಯ ಗುರುತು. ಅವುಗಳ ಮೇಲೆ ಮ್ಯಾಟು ಹಾಕಿ ರೆಸಿನ್ ಬಳಿಯಬೇಕು. ಅರ್ಧ ದಿನ ಡಬ್ಬಿ ಮುಚ್ಚಳ ತೆಗೆಯದೆ ಕೂತೆ. ಕೊನೆಗೆ ಒದ್ದೆ ಬಟ್ಟೆಯಿಂದ ಒರೆಸಿ, ಬಿಸಿಲಿಗೆ ಒಣಗಿಸಿ, ಔಷಧ ಕಡಿಮೆ ಹಾಕಿ ಕಲಸಿ ಶುರು ಮಾಡಿದೆ. ರೆಸಿನ್ ಕುಡಿದು ಮ್ಯಾಟಿನ ಬಿಳುಪು ಹೋಯಿತು, ತೆಳು ಚಹಾದ ಬಣ್ಣದ ಕೆಳಗೆ ನಿಮ್ಮ ಗೀರುಗಳು ಕಾಣುತ್ತಲೇ ಇದ್ದವು. ಪದರದ ಮೇಲೆ ಪದರ ಏರಿದಂತೆ ಮಸುಕಾದವು. ಒಳಗಿನ ಸಡಿಲು ತೇಪೆಯನ್ನೂ ಕಿತ್ತು ಹೊಸದಾಗಿ ಹಾಕಿದೆ. ಬಣ್ಣ ಬಳಿಯದೆ ಹಾಗೇ ಬಿಡಲೇ ಎಂದು ಆಸೆಯಾಯಿತು. ಬಣ್ಣವಿಲ್ಲದ ಫೈಬರ್ ಬಿಸಿಲಿಗೆ ಕೆಡುತ್ತದೆ ಎಂದು ಗದರಿಸುತ್ತಿದ್ದವರು ನೀವೇ. ಜನ ಕೂರುವ ದೋಣಿ ಅದು. ಬಣ್ಣ ಬಳಿದುಬಿಟ್ಟೆ.

ಶನಿವಾರ ಗಿರಾಕಿಯನ್ನು ಕರೆದುಕೊಂಡು ಅಣ್ಣ ಬಂದ. ನಿಮ್ಮವ್ವ ಗೇಟಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತು, ಮೊದಲು ಹೊಳೆ, ಆಮೇಲೆ ವ್ಯಾಪಾರ ಎಂದರು. ಗಿರಾಕಿ ಚಹಾ ಕುಡಿದು ಹೋದ.

ಮೊನ್ನೆ ದೋಣಿ ಮತ್ತೆ ಹೊಳೆಗೆ ಹೋಯಿತು. ಈ ಸಲ ನಿಮ್ಮವ್ವನೂ ಹಟ ಮಾಡಿ ಬಸ್ ಹತ್ತಿದರು. ಬೀರಲಿಂಗ ದೋಣಿ ನೀರಿಗೆ ಇಳಿಸಿ ನನ್ನ ಕಡೆ ನೋಡಿದ. ತೇಪೆ ಹಾಕಿದವರೇ ಮೊದಲು ಎಂದು ಸಾಬರು ಹೇಳುತ್ತಿದ್ದರಲ್ಲ ಎಂದ. ಈ ಸಲ ಅಣ್ಣನನ್ನು ನಾನು ಕೇಳಲಿಲ್ಲ, ಹತ್ತಿದೆ. ನಾನು ಹತ್ತಿದ್ದೇ ತಡ, ನಿಮ್ಮವ್ವ ಚಪ್ಪಲಿ ಕೈಯಲ್ಲಿ ಹಿಡಿದು ಕೆಸರು ತುಳಿದುಕೊಂಡು ಬಂದರು. ಬೇಡ ಎಂದರೆ ಕೇಳುವ ಜೀವವೇ ಅದು? ಮುಳುಗಿದರೆ ಇಬ್ಬರೂ ಮುಳುಗೋಣ, ಇಳಕಲ್ಲಿಗಿಂತ ಹತ್ತಿರ ಎಂದರು. ಹಲಗೆಯ ಮೇಲೆ ಕೂರಲಿಲ್ಲ. ತೇಪೆ ಎಲ್ಲಿ ಎಂದು ಕೇಳಿ, ಸೀದಾ ದೋಣಿಯ ತಳದಲ್ಲಿ, ಅದರ ಮೇಲೆಯೇ ಕುಕ್ಕರಿಸಿದರು.

ಬೀರಲಿಂಗ ಗಳ ಹಾಕಿದ. ನಿಮ್ಮವ್ವ ಕಣ್ಣು ಮುಚ್ಚಿಕೊಂಡು ನನ್ನ ಸೆರಗು ಹಿಡಿದಿದ್ದರು. ಹೋದ ಸಲ ಅವನು ಬಗ್ಗಿ ನೋಡಿದ ಜಾಗ ಬಂತು, ಹೋಯಿತು. ನಡುಹೊಳೆಯಲ್ಲಿ ಆಕೆ ಸೆರಗು ಬಿಟ್ಟರು. ಜ್ವರ ಬಂದ ಕೂಸಿನ ಹಣೆ ನೋಡುವ ಹಾಗೆ ತಮ್ಮ ಸುತ್ತಲಿನ ತಳವನ್ನು ಅಂಗೈಯಿಂದ ಮುಟ್ಟಿ ಮುಟ್ಟಿ ನೋಡಿದರು.

"ಒಣಾ ಐತಿ, ಗುಲ್ಷನ" ಎಂದರು.

ನಿಮ್ಮನ್ನು ಮಣ್ಣಿಗೆ ಒಯ್ದ ದಿನದಿಂದ ಒಂದು ಹನಿ ಅಳದಿದ್ದ ಮುದುಕಿ ಆಗ ಬಾಯಿ ಬಿಟ್ಟು ಅತ್ತರು. ಬೀರಲಿಂಗ ಗಳ ಹಾಕುವುದನ್ನು ನಿಲ್ಲಿಸಿ ಆಚೆ ದಂಡೆ ನೋಡುತ್ತ ನಿಂತ. ಆಕೆ ಕೂತ ತಳದ ಹೊರಬದಿಗೆ ನಿಮ್ಮ ಗೀರುಗಳಿದ್ದವು, ಹೊಳೆ ಅವನ್ನು ಒತ್ತಿ ಹಿಡಿದಿತ್ತು. ನಿಮ್ಮ ಕೈಯ ಮೇಲೆ ಕೂತು ನಿಮ್ಮವ್ವ ಹೊಳೆ ದಾಟಿದರು.

ಇಷ್ಟು ಹೇಳಬೇಕಿತ್ತು. ಅಣ್ಣ ಒಬ್ಬನೇ ಜಕ್ಕಲಿಗೆ ಹೋದ. ನಾಳೆ ಇನ್ನೊಂದು ದೋಣಿ ಬರುತ್ತದಂತೆ, ನನಗೆ ದಣಿವು ಹಾಗೇ ಇದೆ, ಕೈ ತುರಿಸುತ್ತಲೇ ಇದೆ. ಬೋರಲೇ ಇಳಿಸಿರಿ ಎಂದು ಹೇಳಿ ಕಳಿಸಿದ್ದೇನೆ. ಗ್ರೈಂಡರಿನ ವೈರು ತೆಗೆದಿದ್ದೇನೆ, ಚಿಂತೆ ಮಾಡಬೇಡಿ. ಅಲ್ಲಾಹನು ನಿಮ್ಮ ಗೋರಿಯನ್ನು ಬೆಳಕಿನಿಂದ ತುಂಬಲಿ, ಮಲಗಿಕೊಳ್ಳಿ.

ನಿಮ್ಮ ಅಂಗಿ ಬೇರೆ ಒಗೆಯುತ್ತಿದ್ದವಳು,
ಗುಲ್ಷನ